ಮಾಜಿ ಸೈನಿಕರಿಗೆ ಊರು ತೋರಿಸುವ ಕೆಲಸ

ನಾನು ಹಲಸೂರಿನವನು. ಒಂದು ಟಿಟಿ (ಟೆಂಪೊ ಟ್ರಾವೆಲರ್) ಇಟ್ಟುಕೊಂಡು ಮದುವೆ, ಧರ್ಮಸ್ಥಳ, ತಿರುಪತಿ ಅಂತ ಓಡಿಸಿಕೊಂಡಿದ್ದೆ. ಅಪ್ಪ ಸೇನೆಯ ಎಂಜಿನಿಯರ್ ಪಲ್ಟನ್ ಆದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು. ಒಮ್ಮೆ ಅವರ ಹಳೇ ಗೆಳೆಯರು ಹೆಂಡತಿಯರ ಜೊತೆ ಬೆಂಗಳೂರಿಗೆ ಬಂದರು. "ಯುದ್ಧದ ಸ್ಮಾರಕಗಳನ್ನೆಲ್ಲ ಒಂದು ದಿನ ತೋರಿಸ್ಕೊಂಡು ಬಾರೋ" ಅಂದರು ಅಪ್ಪ. ಈ ಕೆಲಸ ಶುರುವಾಗಿದ್ದು ಹಾಗೆ.

ಮೊದಲ ದಿನ ಪೂರ್ತಿ ಎಡವಟ್ಟು. ಏಳು ಜಾಗ ಬರೆದುಕೊಂಡಿದ್ದೆ. ಹನ್ನೊಂದು ಗಂಟೆಯಾದರೂ ಎರಡೇ ಮುಗಿದಿತ್ತು. ಒಂದು ಕಡೆ ಹೋದರೆ ಗೇಟಿಗೆ ಬೀಗ. ಮುಂಚೆ ಫೋನ್ ಮಾಡಿ ಕೇಳಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಟಿಟಿ ಮೆಟ್ಟಿಲು ಎತ್ತರ. ಹತ್ತಿ ಇಳಿಯುವುದರಲ್ಲೇ ಒಬ್ಬರ ಮಂಡಿ ಹಿಡಿದುಕೊಂಡಿತು. ಇಷ್ಟರ ಮೇಲೆ ನಾನು ಫೋನ್ ನೋಡಿಕೊಂಡು ಇಸವಿ ಒಪ್ಪಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಅವರವರೇ ಮಾತಾಡಿಕೊಳ್ಳುತ್ತಿದ್ದರು, ಅದೂ ನನ್ನ ಮಾತಿಗಿಂತ ಚೆನ್ನಾಗಿತ್ತು!

ಈಗ ದಿನಕ್ಕೆ ನಾಲ್ಕೇ ಜಾಗ. ಬಾಗಿಲ ಹತ್ತಿರ ಒಂದು ಮರದ ಮಣೆ ಇಟ್ಟಿರುತ್ತೇನೆ, ಇಳಿಯುವಾಗ ಕೆಳಗೆ ಹಾಕೋದಕ್ಕೆ. ಹಿಂದಿನ ಸೀಟಿನಲ್ಲಿ ಆರು ಪ್ಲಾಸ್ಟಿಕ್ ಸ್ಟೂಲು. ಯಾರಿಗೆ ಶುಗರ್, ಯಾರಿಗೆ ಎಷ್ಟು ಹೊತ್ತಿಗೆ ಮಾತ್ರೆ ಅಂತ ಹಿಂದಿನ ರಾತ್ರಿಯೇ ಕೇಳಿಕೊಳ್ಳುತ್ತೇನೆ. ಒಂದೂವರೆ ಗಂಟೆಗೊಮ್ಮೆ ಶೌಚಾಲಯ ಇರುವ ಕಡೆ ನಿಲ್ಲಿಸಲೇಬೇಕು. ಅವರಾಗಿ ಬಾಯಿಬಿಟ್ಟು ಕೇಳುವುದಿಲ್ಲ. "ಸಾಬ್, ಡೀಸೆಲ್ ಹಾಕಿಸಬೇಕು" ಅಂತ ನಾನೇ ಬಂಕಿಗೆ ತಿರುಗಿಸುತ್ತೇನೆ.

ಹೊರಡುವುದು ಭಾನುವಾರ ಬೆಳಗ್ಗೆ. ಏಳಕ್ಕೆಲ್ಲ ಬ್ರಿಗೇಡ್ ರೋಡ್ ತುದಿಯಲ್ಲಿರಬೇಕು. ಅಂಗಡಿ ತೆಗೆದ ಮೇಲೆ ಅಲ್ಲಿ ಗಾಡಿ ನಿಲ್ಲಿಸುವ ಆಸೆ ಬಿಡಿ. ರೆಸಿಡೆನ್ಸಿ ರೋಡ್ ಸೇರುವ ಮೂಲೆಯಲ್ಲಿ ಸ್ಯಾಪರ್ಸ್ ಕಲ್ಲು ಇದೆ. ದಿನಾ ಸಾವಿರಾರು ಜನ ಅದರ ಪಕ್ಕದಲ್ಲೇ ಓಡಾಡುತ್ತಾರೆ, ತಿರುಗಿ ನೋಡುವವರು ಕಡಿಮೆ. ಮೆಸೊಪೊಟೇಮಿಯಾ, ಪೂರ್ವ ಆಫ್ರಿಕಾ ಅಂತ ಎಲ್ಲೆಲ್ಲೋ ಹೋಗಿ ಸತ್ತ ನಮ್ಮ ಕಡೆಯವರ ನೆನಪಿಗೆ ನಿಲ್ಲಿಸಿದ್ದು. ನಾನು ಅಲ್ಲಿ ಏನೂ ಹೇಳುವುದಿಲ್ಲ. ಸ್ಟೂಲ್ ಹಾಕಿ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಸುಮ್ನೆ ದೂರ ನಿಲ್ಲುತ್ತೇನೆ.

ಬೆಂಗಳೂರ್ ಟಾರ್ಪೀಡೊ ಏನು ಅಂತ ನನಗೆ ಅರ್ಥವಾಗಿದ್ದು ಗಾಡಿಯೊಳಗೆ. 1912ರಲ್ಲಿ ಇದೇ ಪಲ್ಟನ್ನಿನ ಕ್ಯಾಪ್ಟನ್ ಮೆಕ್ಲಿಂಟಾಕ್ ಮಾಡಿದ್ದು ಅಂತ ಓದಿದ್ದೆ, ಅಷ್ಟೇ. ಬೆಳಗಾವಿ ಕಡೆಯ ಒಬ್ಬ ಸುಬೇದಾರ್ ಸಾಹೇಬರು ಮೂರು ಜನರ ಊರುಗೋಲು ಇಸಿದುಕೊಂಡರು. ಸೀಟುಗಳ ನಡುವಿನ ದಾರಿಯಲ್ಲಿ ಒಂದರ ಹಿಂದೆ ಒಂದು ಜೋಡಿಸಿದರು. "ಇದು ಕೊಳವಿ, ಒಳಗ ಮದ್ದು. ಇದಕ್ಕ ಇನ್ನೊಂದು ಸಿಗಿಸೂದು, ಮುಂದ ದೂಡೂದು. ಮತ್ತೊಂದು ಸಿಗಿಸೂದು, ಮತ್ತ ದೂಡೂದು." ಊರುಗೋಲು ಡ್ರೈವರ್ ಸೀಟಿನ ಕೆಳಗೆ ನನ್ನ ಕಾಲಿನ ಹತ್ತಿರ ಬಂತು. "ಈಗ ನೀ ಮುಳ್ಳುತಂತಿ ಬೇಲಿ ಅಂತ ತಿಳ್ಕೊ. ನಾ ಇಲ್ಲೇ ಮಲಗಿ ಹಚ್ಚಿದರ ಅಲ್ಲಿ ದಾರಿ ಆತು." 1944ರಲ್ಲಿ ನಾರ್ಮಂಡಿ ದಂಡೆಯಲ್ಲಿ ಅಮೆರಿಕದವರು ಮುಳ್ಳುತಂತಿ ಒಡೆದಿದ್ದು ನಮ್ಮೂರಿನ ಹೆಸರಿನ ಈ ಕೊಳವೆಯಿಂದಲೇ.

ಆಮೇಲೆ ಜೆ.ಸಿ. ನಗರ. ಮೈಸೂರು ಮಹಾರಾಜರ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್ ಸ್ಮಾರಕ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಜೋಧಪುರದ ಕುದುರೆ ಪಡೆಯವರು ತುರ್ಕರ ಕೈಲಿದ್ದ ಊರಿನ ಮೇಲೆ ನುಗ್ಗಿದರು, ಮೈಸೂರಿನವರು ಕಾರ್ಮೆಲ್ ಗುಡ್ಡದ ಮೇಲಿದ್ದ ಫಿರಂಗಿಗಳ ಮೇಲೆ ಹೋದರು. ಮೆಷಿನ್ ಗನ್ನಿಗೆ ಎದುರಾಗಿ ಕುದುರೆ, ಭರ್ಜಿ. ಇಲ್ಲಿ ಮಾತ್ರ ನಾನು ಕಥೆ ಹೇಳುತ್ತೇನೆ. ಯಾಕಂದರೆ ಇದು ಮಾಜಿ ಸೈನಿಕರಲ್ಲೂ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ತಿಂಡಿ ಮುಗಿಸಿ ತಾರಾಲಯದ ಹತ್ತಿರದ ರಾಷ್ಟ್ರೀಯ ಸೈನಿಕ ಸ್ಮಾರಕ. 75 ಅಡಿಯ ವೀರಗಲ್ಲನ್ನು ಎಲ್ಲರೂ ಕತ್ತೆತ್ತಿ ನೋಡುತ್ತಾರೆ, ಫೋಟೊ ಆಗುತ್ತದೆ. ಆದರೆ ಹೊತ್ತು ಹೋಗುವುದು ಹೆಸರುಗಳ ಮುಂದೆ. ಒಬ್ಬರು ತಮ್ಮ ಬ್ಯಾಚಿನವನ ಹೆಸರು ಹುಡುಕುತ್ತಾ ಒಂದು ಗಂಟೆ ನಿಂತರು. ಸಿಗಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಬ್ಯಾರಕ್ಕಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರು ಬೇರೆ, ದಾಖಲೆಯಲ್ಲಿದ್ದ ಹೆಸರು ಬೇರೆ. ಅವರು ಮಾರನೇ ದಿನ ರೈಲು ಹತ್ತಬೇಕಿತ್ತು. ಆವತ್ತಿನಿಂದ ಬುಕಿಂಗ್ ಮಾಡುವಾಗಲೇ ಕೇಳುತ್ತೇನೆ: ಯಾರದಾದರೂ ಹೆಸರು ನೋಡಬೇಕಾ? ಪೂರ್ತಿ ಹೆಸರು, ನಂಬರು, ಪಲ್ಟನ್, ಇಸವಿ ಕಳಿಸಿ. ಒಂದು ದಿನ ಮೊದಲು ನಾನೇ ಹೋಗಿ ಹುಡುಕಿ, ಜಾಗ ಗುರುತು ಮಾಡಿಕೊಂಡು ಬರುತ್ತೇನೆ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠ ಇದೊಂದೇ ಅನ್ನಬಹುದು.

ಎರಡು ದಿನ ಇರುವವರಿದ್ದರೆ ಶ್ರೀರಂಗಪಟ್ಟಣ. 1799ರ ಮೇ 4ರಂದು ಇಂಗ್ಲಿಷರು ನುಗ್ಗಿದ್ದು ಮಟಮಟ ಮಧ್ಯಾಹ್ನ. ಕಾವೇರಿಯಲ್ಲಿ ನೀರು ಇಳಿದಿತ್ತು, ಮಳೆ ಹಿಡಿದರೆ ದಾಟೋಕೆ ಆಗುತ್ತಿರಲಿಲ್ಲ. ಅದನ್ನು ಸರಿಯಾಗಿ ತೋರಿಸಬೇಕು ಅಂತ ಒಮ್ಮೆ ಮೇ ತಿಂಗಳಲ್ಲೇ, ಒಂದು ಗಂಟೆಗೇ ಕರೆದುಕೊಂಡು ಹೋಗಿದ್ದೆ. ಇಬ್ಬರಿಗೆ ತಲೆ ಸುತ್ತು ಬಂತು. ಈಗ ನವೆಂಬರಿನಿಂದ ಫೆಬ್ರುವರಿ ಮಾತ್ರ.

ಬೆಂಗಳೂರಿನ ಸುತ್ತು ಮುಗಿಯುವುದು ಮಾರ್ಕೆಟ್ ಹತ್ತಿರದ ಕೋಟೆಯಲ್ಲಿ. ಗಾಡಿ ನಿಲ್ಲಿಸೋದು ತಲೆನೋವು. ಎಲ್ಲರನ್ನೂ ಇಳಿಸಿ, ಹುಡುಗನ ಕೈಗೆ ಗಾಡಿ ಕೊಟ್ಟು ಒಂದು ಸುತ್ತು ಹೊಡೆದು ಬಾ ಅನ್ನುತ್ತೇನೆ. 1791ರ ಮಾರ್ಚ್ 21ರಂದು ಈ ಬಿರುಕಿನಿಂದ ಬ್ರಿಟಿಷರು ನುಗ್ಗಿದರು ಅಂತ ಗೋಡೆಯ ಮೇಲೆ ಒಂದು ಕಲ್ಲು ಇದೆ. ಅದೇ ಸುಬೇದಾರ್ ಸಾಹೇಬರು ಕಲ್ಲನ್ನು ಬಿಟ್ಟು ಗೋಡೆಯ ಬುಡವನ್ನೇ ನೋಡುತ್ತಿದ್ದರು. "ತಮ್ಮಾ, ಕಂದಕ ಎಲ್ಲಿತ್ತು?" ಅಂದರು. ರಸ್ತೆ ಕಡೆ ಕೈ ತೋರಿಸಿದೆ. "ಹಂಗಾದ್ರ ಗುಂಡು ಮ್ಯಾಲ ಹೊಡದಿರೂದಿಲ್ಲ, ಬುಡಕ್ಕ ಹೊಡದಿರ್ತಾರ. ಬುಡ ಹ್ವಾದ್ರ ಗ್ವಾಡಿ ತಾನ ಕುಸೀತದ. ಆ ಕಲ್ಲು ಮಣ್ಣ ಕಂದಕದಾಗ ಬಿದ್ದು ಏರಾಕ ದಾರಿ ಆಗತದ." ಇಷ್ಟು ವರ್ಷ ಆ ಗೋಡೆ ತೋರಿಸಿದ್ದೆ, ಒಂದು ದಿನವೂ ಹಾಗೆ ನೋಡಿರಲಿಲ್ಲ.

ಆಮೇಲೆ ಕಲ್ಲಿನ ಹತ್ತಿರ ಬಂದು ನನ್ನ ಕೈಯಲ್ಲಿ ಓದಿಸಿದರು. "ಹೊರಗಿನವರ ಸುದ್ದಿ ಬರದಾರ. ಒಳಗಿದ್ದವರದು?"

ಕೋಟೆ ಕಾಯುತ್ತಿದ್ದ ಟಿಪ್ಪುವಿನ ಅಧಿಕಾರಿ, ಕಿಲ್ಲೇದಾರ ಬಹದ್ದೂರ್ ಖಾನ್ ಆ ರಾತ್ರಿ ಇಲ್ಲೇ ಹೋರಾಡಿ ಸತ್ತ ಅಂತ ಹೇಳಿದೆ. ಬಸ್ಸಿನ ಹಾರ್ನ್ ಜೋರಿತ್ತು, ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ತಾವೂ ಒಂದು ಸಲ ಅಂದರು. ಆಮೇಲೆ ಊರುಗೋಲು ತಗೊಂಡು, "ಊಟಕ್ಕ ಎಲ್ಲಿಗೆ ಕರ್ಕೊಂಡು ಹೊಂಟಿ?" ಅಂತ ಕೇಳಿದರು.