ಕೆಚ್ಚಲು ಬಾವಿನ ಚಿಕಿತ್ಸೆ ಮತ್ತು ಡೈರಿಗೆ ಹಾಕಬಾರದ ಹಾಲು: ನನ್ನ ಅನುಭವ

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಯನ್ನೂ ಟೊಮೆಟೊ ದರವನ್ನೂ ಮಾತ್ರ ನಂಬಿ ಬದುಕಲಾಗದ ಸಣ್ಣ ರೈತರಿಗೆ ಎರಡೋ ಮೂರೋ ಮಿಶ್ರತಳಿ ಹಸುಗಳೇ ಆಧಾರ. ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಪಶುವೈದ್ಯನಾಗಿರುವ ನನಗೆ, ಅಡ್ಡ ಸಿಕ್ಕಿದ ಕರುವನ್ನು ಹೊರತೆಗೆಯುವುದಕ್ಕಿಂತಲೂ ಕಷ್ಟವೆನಿಸಿರುವುದು, ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಆ ಹಸುವಿನ ಹಾಲನ್ನು ಡೈರಿಗೆ ಹಾಕದಂತೆ ಮನೆಯವರನ್ನು ಒಪ್ಪಿಸುವುದು.

ಎಷ್ಟು ದಿನ ಹಾಲು ತಡೆಯಬೇಕೆಂಬುದು ಔಷಧಿಯ ಲೇಬಲ್ಲಿನಲ್ಲಿರುತ್ತದೆ. ಅಂಥ ಅವಧಿ ನಿಗದಿಯಾಗಿರದಿದ್ದರೆ ಕನಿಷ್ಠ 7 ದಿನ ಎಂದು 2012ರಲ್ಲಿ ಔಷಧ ನಿಯಮಗಳಿಗೆ ತಂದ ತಿದ್ದುಪಡಿ ಹೇಳುತ್ತದೆ. ಹಾಲಿನ ಬಟವಾಡೆಯಲ್ಲೇ ಹಿಂಡಿ, ಬೂಸಾದ ಸಾಲ ತೀರಿಸುವ ಮನೆಗೆ ಅದು ಸಣ್ಣ ನಷ್ಟವಲ್ಲ. “ಕಾಯಿಸಿದರೆ ಸರಿಹೋಗಲ್ವಾ ಸಾರ್?” ಎಂದು ಕೇಳುವವರಿಗೆ, ಕಾಯಿಸಿದರೂ ಔಷಧಿಯ ಅಂಶ ಬಹುಮಟ್ಟಿಗೆ ಉಳಿಯುತ್ತದೆ ಎಂದಷ್ಟೇ ಹೇಳಿದಾಗ ಅವರಿಗೆ ನಂಬಿಕೆ ಬರುತ್ತಿರಲಿಲ್ಲ. ಆದ್ದರಿಂದ ಮನೆಯ ಹೆಣ್ಣುಮಕ್ಕಳ ಹತ್ತಿರ ಮೊಸರಿನ ವಿಷಯ ತೆಗೆಯತೊಡಗಿದೆ: ಕೆಚ್ಚಲಿನ ರೋಗಾಣುವನ್ನು ಕೊಲ್ಲುವ ಔಷಧಿ ಹಾಲಿನಲ್ಲಿ ಉಳಿದರೆ ಹೆಪ್ಪಿನೊಳಗಿನ ಜೀವಾಣುಗಳನ್ನೂ ತಡೆಯುತ್ತದೆ, ಆಗ ಮೊಸರು ಸರಿಯಾಗಿ ಕಟ್ಟುವುದಿಲ್ಲ. ಹೆಪ್ಪು ಹಾಕಿ ಬಲ್ಲ ಕೈಗಳಿಗೆ ಇದನ್ನು ಮತ್ತೆ ವಿವರಿಸಬೇಕಾಗಲಿಲ್ಲ. ಒಂದೇ ಮೊಲೆಗೆ ಔಷಧಿಯ ಟ್ಯೂಬು ಏರಿಸಿದ್ದರೂ ಔಷಧಿ ರಕ್ತಕ್ಕೆ ಸೇರಿ ಉಳಿದ ಮೂರರ ಹಾಲಿನಲ್ಲೂ ಬರಬಹುದಾದ್ದರಿಂದ, ನಾಲ್ಕರ ಹಾಲನ್ನೂ ತಡೆಯಬೇಕೆಂದು ಒತ್ತಿ ಹೇಳುತ್ತೇನೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮತ್ತೆ ಹಾಲು ಹಾಕಬಹುದಾದ ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡುವುದನ್ನು ಎಂದೂ ಬಿಡುವುದಿಲ್ಲ.

ಇಷ್ಟೆಲ್ಲ ಒಪ್ಪಿಸುವುದಕ್ಕಿಂತ, ಅನಗತ್ಯವಾಗಿ ಸೂಜಿ ಹಾಕದಿರುವುದು ನನ್ನ ಮೊದಲ ಕರ್ತವ್ಯವೆಂದು ಭಾವಿಸಿದ್ದೇನೆ. ನಾಲ್ಕು ಗುಳಿಗಳ ತಟ್ಟೆಗೆ ಒಂದೊಂದು ಮೊಲೆಯ ಹಾಲು ಹಿಂಡಿ, ಅಷ್ಟೇ ಪ್ರಮಾಣದ ಪರೀಕ್ಷಾ ದ್ರಾವಣ ಬೆರೆಸಿ ತಿರುಗಿಸಿದಾಗ ಅದು ಲೋಳೆಯಾದರೆ, ಹೊರಗೆ ಬಾವು ಕಾಣದಿದ್ದರೂ ಆ ಭಾಗದಲ್ಲಿ ಸೋಂಕಿದೆ ಎಂದು ಶಂಕಿಸಬಹುದು. ಜ್ವರವಿಲ್ಲದೆ ಮೇವು ತಿನ್ನುತ್ತಿರುವ ಇಂಥ ಹಸುವಿಗೆ ಹಲವು ಬಾರಿ ಹಾಲು ಬತ್ತಿಸುವ ಹೊತ್ತಿನವರೆಗೆ, ಅಂದರೆ ಕರು ಹಾಕಲು ಸುಮಾರು ಎರಡು ತಿಂಗಳಿರುವವರೆಗೆ, ಕಾಯುತ್ತೇನೆ. ಆಗ ಮೊಲೆಗೆ ಏರಿಸುವ ಔಷಧಿಯಿಂದ ಮಾರುವ ಹಾಲು ನಷ್ಟವಾಗುವುದಿಲ್ಲ. ಆದರೆ ಹಸು ಅವಧಿಗೆ ಮುಂಚೆ ಈದರೆ ಲೇಬಲ್ಲಿನ ದಿನಗಳು ಮುಗಿದಿವೆಯೇ ಎಂದು ಲೆಕ್ಕ ಹಾಕಲೇಬೇಕು. ಜ್ವರವಿದ್ದು, ಕೆಚ್ಚಲು ಕಲ್ಲಿನಂತಾಗಿದ್ದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ. ಆಗಲೂ ಆದಷ್ಟು ಮಟ್ಟಿಗೆ ಔಷಧಿ ಕೊಡುವ ಮೊದಲೇ ಪರೀಕ್ಷೆಗೆಂದು ಹಾಲಿನ ಮಾದರಿ ತೆಗೆದಿಡುತ್ತೇನೆ.

ಹೊರಡುವ ಮುನ್ನ ಎರಡು ವಿಷಯ ತಪ್ಪದೆ ಹೇಳುತ್ತೇನೆ. ಬಾವಿರುವ ಹಸುವಿನ ಹಾಲನ್ನು ಕೊನೆಯಲ್ಲಿ ಕರೆಯಬೇಕು. ಕರೆದ ಮೇಲೆ ಮೊಲೆಯ ತೂತು ಸ್ವಲ್ಪ ಹೊತ್ತು ತೆರೆದೇ ಇರುವುದರಿಂದ, ಹಸು ಸಗಣಿಯ ನೆಲದಲ್ಲಿ ಮಲಗದಂತೆ ಅರ್ಧ ಗಂಟೆಯಾದರೂ ಮುಂದೆ ಹಸಿ ಮೇವು ಹಾಕಿ ನಿಲ್ಲಿಸಿಕೊಳ್ಳಬೇಕು.