ಹುಯೆ: ತಿಂಡಿಯ ಹೊತ್ತಿಗೆ ಹೊಂದಿಸಿಕೊಂಡ ಸ್ಕೂಟರ್ ಸುತ್ತಾಟ

ಮಧ್ಯ ವಿಯೆಟ್ನಾಂನ ಹುಯೆ ನಗರಕ್ಕೆ ಹೊರಟವರು ನನ್ನನ್ನು ಸಾಮಾನ್ಯವಾಗಿ ಕೇಳುವುದು ಯಾವ ಟೂರ್ ಬಸ್ ಒಳ್ಳೆಯದು ಎಂದು. ಬಸ್ ಬೇಡ, ಒಂದು ಸ್ಕೂಟರ್ ಬಾಡಿಗೆಗೆ ಹಿಡಿಯಿರಿ ಎನ್ನುತ್ತೇನೆ. ಆ ಊರು ಹರಡಿಕೊಂಡಿರುವ ರೀತಿಗೆ ಅದೇ ಸರಿ. 1802ರಿಂದ 1945ರವರೆಗೆ ನ್ಗುಯೆನ್ ವಂಶದ ಹದಿಮೂರು ಅರಸರು ಇಲ್ಲಿಂದ ಆಳಿದರು. ಅವರ ಕೋಟೆ ಹೂಂಗ್ ನದಿಯ ಉತ್ತರ ದಡದಲ್ಲಿದೆ. ಸಮಾಧಿಗಳು ಮಾತ್ರ ನದಿಯ ಮೇಲ್ದಿಕ್ಕಿನ ಪೈನ್ ಗುಡ್ಡಗಳಲ್ಲಿ, ಒಂದಕ್ಕೊಂದು ಮೈಲುಗಟ್ಟಲೆ ದೂರದಲ್ಲಿ ಚದುರಿವೆ. ಬಸ್ಸು ಆ ದೊಡ್ಡ ಬಾಗಿಲುಗಳನ್ನಷ್ಟೇ ಮುಟ್ಟುತ್ತದೆ. ನಡುವಿನ ಓಣಿಗಳು, ತೋಟದ ಮನೆಗಳು, ಊದುಬತ್ತಿ ಹೊಸೆಯುವ ಅಂಗಳಗಳು ಕಿಟಕಿಯಾಚೆ ಜಾರಿಹೋಗುತ್ತವೆ.

ಎರಡನೆಯ ಕಾರಣ ಹೊಟ್ಟೆಯದು. ಹುಯೆಯ ತಿನಿಸುಗಳಿಗೆ ತಮ್ಮದೇ ಹೊತ್ತುಗಳಿವೆ. ಬೆಳಿಗ್ಗೆ ತಿನ್ನುವುದು ಬೇರೆ, ಮಧ್ಯಾಹ್ನ ಇಳಿದ ಮೇಲಿನದು ಬೇರೆ, ರಾತ್ರಿಯದು ಬೇರೆ. ಬಸ್ಸಿನವರು ಕೂರಿಸುವ ಬಫೆಯಲ್ಲಿ ಎಲ್ಲವೂ ಒಟ್ಟಿಗೆ ತಣ್ಣಗೆ ಕುಳಿತಿರುತ್ತವೆ. ಹಾಗಾಗಿ ನಾನು ಮೊದಲು ಯಾವ ಹೊತ್ತಿಗೆ ಏನು ತಿನ್ನಬೇಕೆಂದು ಬರೆದುಕೊಂಡೆ. ನೋಡಬೇಕಾದ ಜಾಗಗಳನ್ನು ಆ ಹೊತ್ತುಗಳ ನಡುವೆ ಹೊಂದಿಸಿದೆ. ಹಿಂದಿನ ಸೀಟಿನಲ್ಲಿ ಅಕ್ಕ ಇದ್ದಳು. ಅವಳು ಶುದ್ಧ ಸಸ್ಯಾಹಾರಿ, ನಾನು ಕರಾವಳಿಯ ಮೀನು ತಿಂದು ಬೆಳೆದವಳು. ಇಬ್ಬರಿಗೂ ಒಗ್ಗುವ ದಾರಿ ಬೇಕಿತ್ತು.

ಮೊದಲು ಪರವಾನಗಿಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ ನಮೂನೆಯದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ನಮೂನೆಯನ್ನು. ಬಾಡಿಗೆ ಅಂಗಡಿಯವರು ಇದನ್ನೆಲ್ಲ ಕೇಳುವುದಿಲ್ಲ, 125 ಸಿಸಿ ಬೈಕಿನ ಕೀಲಿಯನ್ನು ಕೈಗಿಟ್ಟು ಕಳಿಸುತ್ತಾರೆ. ಆದರೆ ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೇ ಪರವಾನಗಿಯನ್ನು. ಐವತ್ತು ಸಿಸಿಯೊಳಗಿನ ಬಂಡಿಗೆ ಅಲ್ಲಿ ಪರವಾನಗಿ ಬೇಕಿಲ್ಲ, ಹಾಗಾಗಿ ನಾನು ಅದನ್ನೇ ಆರಿಸಿದೆ. ಇಬ್ಬರನ್ನು ಹೊತ್ತು ಏರು ಹತ್ತುವಾಗ ಅದು ಮೆಲ್ಲಗೆ ಸಾಗುತ್ತದೆ ನಿಜ. ಆದರೆ ಹುಯೆಯ ಗುಡ್ಡಗಳು ದೊಡ್ಡವಲ್ಲ, ಅವಸರ ನಮಗೂ ಇರಲಿಲ್ಲ. ಲಾಂಗ್ ಕೋ ಕಡೆಯ ಹಾಯ್ ವಾನ್ ಘಾಟಿಗೆ ಹೋಗುವ ಆಸೆಯಿದ್ದರೆ ಸ್ಥಳೀಯ ಚಾಲಕರ ಹಿಂದೆ ಕುಳಿತು ಹೋಗಿ. ನಾವೂ ಹಾಗೆಯೇ ಮಾಡಿದೆವು. ಘಾಟಿಯ ನೋಟ ಹಿಂದಿನ ಸೀಟಿನಿಂದಲೇ ಚೆನ್ನ.

ಬಾಡಿಗೆ ದಿನಕ್ಕೆ 150,000 ಡಾಂಗ್. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಲೆಕ್ಕ ಹಾಕಿಕೊಂಡರೆ ಸಾಕು. ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ, ನಕಲು ಕೊಟ್ಟು ಮುಂಗಡ ಹಣ ಇಡಿ. ಎರಡೂ ಬ್ರೇಕ್, ಟೈರು, ಇಂಡಿಕೇಟರ್ ನೋಡಿ, ಇರುವ ಗೀರುಗಳ ಫೋಟೋ ತೆಗೆದುಕೊಳ್ಳಿ. ಹೆಲ್ಮೆಟ್ ಬಗ್ಗೆ ಮಾತ್ರ ಸಂಕೋಚ ಬೇಡ. ಟೋಪಿಯಂಥ ತೆಳು ಹೆಲ್ಮೆಟ್ ಕೊಟ್ಟರೆ ಹಿಂದಿರುಗಿಸಿ, ದಪ್ಪದ್ದನ್ನು ಕೇಳಿ ಪಡೆಯಿರಿ. ಅಕ್ಕನ ತಲೆಗೆ ಸರಿಹೊಂದುವುದು ಸಿಗುವವರೆಗೆ ನಾನು ಅಂಗಡಿಯಿಂದ ಕದಲಲಿಲ್ಲ.

ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ನೇರ ಹೋಗುವಾಗ ತೊಂದರೆಯಿಲ್ಲ. ಎಡಕ್ಕೆ ತಿರುಗಿದ ಮರುಕ್ಷಣ ನಮ್ಮ ಕೈ ಊರಿನ ರೂಢಿಗೆ ಎಳೆಯುತ್ತದೆ. ಅದಕ್ಕಾಗಿ ಪ್ರತಿ ತಿರುವಿಗೂ ಅಕ್ಕ ಹಿಂದಿನಿಂದ "ಬಲಕ್ಕೆ ಇರು" ಎಂದು ಹೇಳುವ ಏರ್ಪಾಡು ಮಾಡಿಕೊಂಡೆವು. ಉಳಿದಂತೆ ಅಲ್ಲಿನ ಸಂಚಾರ ನೋಡಲು ಗೊಂದಲ, ಒಳಗೆ ಸೇರಿದರೆ ಸಲೀಸು. ಎಲ್ಲರೂ ನಿಧಾನವಾಗಿ ಹರಿಯುತ್ತಾರೆ. ಹಠಾತ್ತನೆ ಬ್ರೇಕ್ ಹಾಕದೆ, ಹಠಾತ್ತನೆ ವಾಲದೆ ಒಂದೇ ವೇಗದಲ್ಲಿ ಸಾಗಿದರೆ ಜನ ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಹಾರ್ನ್ ಅಲ್ಲಿ ಬೈಗುಳವಲ್ಲ, ಪಕ್ಕದಲ್ಲಿದ್ದೇನೆ ಎಂಬ ಸೂಚನೆ. ಇನ್ನೊಂದು ಮಾತು: ಕುಡಿದು ಓಡಿಸುವುದರಲ್ಲಿ ಅಲ್ಲಿ ರಿಯಾಯಿತಿಯೇ ಇಲ್ಲ. 2020ರಿಂದ ರಕ್ತದಲ್ಲಿ ಮದ್ಯದ ಅಂಶ ಸೊನ್ನೆ ಇರಬೇಕು.

ಬೆಳಗಿನ ಮೊದಲ ತಿಂಡಿ ಕೋಮ್ ಹೆನ್, ಅಂದರೆ ಹೆನ್ ಎಂಬ ಪುಟ್ಟ ಚಿಪ್ಪುಜೀವಿ ಹಾಕಿದ ಅನ್ನ. ಹೂಂಗ್ ನದಿಯ ನಡುವೆ ಕೋನ್ ಹೆನ್ ಎಂಬ ಚಿಕ್ಕ ನಡುಗಡ್ಡೆಯಿದೆ, ಹೆಸರೇ ಆ ಚಿಪ್ಪುಜೀವಿಯದು. ಸೇತುವೆ ದಾಟಿ ಸ್ಕೂಟರ್ ಅಲ್ಲಿಗೆ ಹೋಗುತ್ತದೆ. ಹೆನ್ ನಮ್ಮ ಕರಾವಳಿಯ ಮರುವಾಯಿಯ ಜಾತಿಯದೇ, ಆದರೆ ಉಗುರಿಗಿಂತ ಚಿಕ್ಕದು. ಬಟ್ಟಲಿನಲ್ಲಿ ಆರಿದ ಅನ್ನ, ಅದರ ಮೇಲೆ ಹುರಿದ ಹೆನ್, ಸಣ್ಣಗೆ ಹೆಚ್ಚಿದ ಬಾಳೆಹೂವು ಮತ್ತು ಕಮರಾಕ್ಷಿ, ಪುದೀನದಂಥ ಸೊಪ್ಪುಗಳು, ಹುರಿದ ಕಡಲೆಕಾಯಿ, ಎಳ್ಳು, ಗರಿಗರಿ ಹಂದಿಚರ್ಮ, ಒಂದು ಚಮಚ ಸಿಗಡಿ ಪೇಸ್ಟು, ಮೇಲೊಂದಿಷ್ಟು ಖಾರ. ಚಿಪ್ಪು ಬೇಯಿಸಿದ ಬಿಸಿ ನೀರು ಬೇರೆ ಬಟ್ಟಲಿನಲ್ಲಿ ಬರುತ್ತದೆ. ಹಿಂದಿನ ದಿನ ಮಿಕ್ಕ ಅನ್ನವನ್ನು ಬಡವರ ಮನೆಯಲ್ಲಿ ಹೀಗೆ ಬಳಸುತ್ತಿದ್ದರಂತೆ. ಕಲಸಿ ಬಾಯಿಗಿಟ್ಟಾಗ ಹುಳಿ, ಖಾರ, ಕಂಪು, ಗರಿಗರಿ ಒಂದರ ಹಿಂದೊಂದು ಬರುತ್ತವೆ. ಹುಯೆಯಲ್ಲಿ ನಾನು ತಿಂದದ್ದರಲ್ಲಿ ಇದಕ್ಕೇ ಮೊದಲ ಸ್ಥಾನ. ಜಗತ್ತಿಗೆ ಗೊತ್ತಿರುವ ಬುನ್ ಬೋ ಹುಯೆಗೆ, ಮಜ್ಜಿಗೆಹುಲ್ಲು ಹಾಕಿ ಕುದಿಸಿದ ಗೋಮಾಂಸದ ಶಾವಿಗೆ ಸಾರಿಗೆ, ಆನಂತರದ್ದು.

ಅಕ್ಕ ಏನು ತಿಂದಳು ಎಂಬ ಪ್ರಶ್ನೆ ಓದುವವರಿಗೆ ಬಂದೇ ಬರುತ್ತದೆ. ಹುಯೆ ಬೌದ್ಧರ ಊರು, ಪಗೋಡಗಳು ನೂರಾರು. ಚಾಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಯಂದು ಬಹಳ ಮನೆಗಳಲ್ಲಿ ಮಾಂಸವಿಲ್ಲ. ಆ ಊಟಕ್ಕೆ ಚಾಯ್ ಎನ್ನುತ್ತಾರೆ. ಅಂಗಡಿಯ ಬೋರ್ಡಿನಲ್ಲಿ chay ಎಂಬ ನಾಲ್ಕಕ್ಷರದ ಪದವನ್ನು ಗುರುತು ಹಿಡಿಯಲು ಕಲಿತರೆ ಸಾಕು. ಅಣಬೆ, ತೋಫು, ಎಳೆ ಹಲಸಿನಕಾಯಿಯ ಸಲಾಡ್, ಕಮಲದ ಬೀಜ ಹಾಕಿದ ಅನ್ನ, ಎಲ್ಲವೂ ಅಗ್ಗ, ಎಲ್ಲವೂ ರುಚಿ. ಚಾಯ್ ಎಂದು ಬರೆದಿರದ ಅಂಗಡಿಯಲ್ಲಿ ಮಾತ್ರ ಬರಿಯ ತರಕಾರಿ ಎಂದು ಕೇಳಿದರೆ ಸಾಲದು, ಮೀನಿನ ಸಾಸು ಎಲ್ಲದಕ್ಕೂ ಬೀಳುತ್ತದೆ. "ಇಷ್ಟು ದೂರ ಬಂದು ಬರೀ ಬ್ರೆಡ್ ತಿನ್ನಬೇಕಾಗುತ್ತೇನೋ ಎಂದುಕೊಂಡಿದ್ದೆ ಕಣೇ" ಎಂದಳು ಅಕ್ಕ, ಎರಡನೆಯ ತಟ್ಟೆ ಅನ್ನ ಹಾಕಿಸಿಕೊಳ್ಳುತ್ತಾ.

ತಿಂಡಿ ಮುಗಿಸಿ, ಬಿಸಿಲೇರುವ ಮೊದಲು ಕೋಟೆ. ಹೊರಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಅದರೊಳಗೆ ಇಂದಿಗೂ ಬೀದಿ, ಶಾಲೆ, ಮನೆಗಳಿವೆ. ಕಮಾನಿನ ಹೆಬ್ಬಾಗಿಲುಗಳ ಒಳಗಿಂದ ಸ್ಕೂಟರ್ ಓಡಿಸಿಕೊಂಡೇ ಹೋಗಬಹುದು. ಇಟ್ಟಿಗೆಯ ಆ ತಂಪು ಸುರಂಗದಲ್ಲಿ ಎಂಜಿನ್ನಿನ ಸದ್ದು ಎರಡು ಪಟ್ಟಾಗಿ ಕೇಳುತ್ತದೆ. ಅರಮನೆಯ ಆವರಣಕ್ಕೆ ಮಾತ್ರ ನಡೆದು ಹೋಗಬೇಕು. ಟಿಕೆಟ್ 200,000 ಡಾಂಗ್. ಸಮಾಧಿಗಳನ್ನೂ ನೋಡುವವರಿಗೆ ಒಟ್ಟು ಟಿಕೆಟ್ ಲಾಭ.

ವಿಯೆಟ್ನಾಂ ಯುದ್ಧದಲ್ಲಿ, 1968ರ ಟೆಟ್ ದಾಳಿಯ ಸಮಯದಲ್ಲಿ ಇಲ್ಲಿ ವಾರಗಟ್ಟಲೆ ಕಾದಾಟ ನಡೆದು ಅರಮನೆಯ ಅನೇಕ ಕಟ್ಟಡಗಳು ನೆಲಸಮವಾದವು. ಯುನೆಸ್ಕೋ 1993ರಲ್ಲಿ ಈ ಸ್ಮಾರಕಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಾಭಿಷೇಕ ನಡೆಯುತ್ತಿದ್ದ ಥಾಯ್ ಹೋವಾ ಸಭಾಂಗಣ ದುರಸ್ತಿಯಾಗಿ 2024ರ ನವೆಂಬರಿನಲ್ಲಿ ಮತ್ತೆ ತೆರೆದಿದೆ. ಹೊಸ ಕೆಂಪು, ಹೊಸ ಚಿನ್ನದ ಬಣ್ಣ ಕಣ್ಣು ಕುಕ್ಕುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಆವರಣದ ಒಂದು ಮೂಲೆಯಲ್ಲಿರುವ ಒಂಬತ್ತು ಕಂಚಿನ ಕೊಪ್ಪರಿಗೆಗಳು. ಮಿನ್ ಮಾಂಗ್ ಅರಸ 1835ರಿಂದ 1837ರವರೆಗೆ ಎರಕ ಹೊಯ್ಯಿಸಿದ, ಆಳೆತ್ತರಕ್ಕೂ ಮಿಗಿಲಾದ ಮೂರು ಕಾಲಿನ ಪಾತ್ರೆಗಳವು. ನಾಡಿನ ನದಿ, ಬೆಟ್ಟ, ದೋಣಿ, ಪ್ರಾಣಿ, ಮರಗಳನ್ನೆಲ್ಲ ಅವುಗಳ ಮೈಮೇಲೆ ಮೂಡಿಸಿದ್ದಾರೆ. ಸಾಲಿನಿಂದ ತುಸು ಮುಂದೆ ನಿಂತಿರುವ ಮೊದಲ ಅರಸನ ಪಾತ್ರೆಯಲ್ಲಿ ಹಲಸಿನ ಮರವಿದೆ. ರಾಜಲಾಂಛನಗಳ ನಡುವೆ ಮನೆ ಹಿತ್ತಲಿನ ಮರಕ್ಕೂ ಜಾಗ ಕೊಟ್ಟ ದೊರೆಯ ಬಗ್ಗೆ ಗೌರವ ಮೂಡಿತು. ಇಲ್ಲಿ ಅರ್ಧ ಗಂಟೆ ಮೀಸಲಿಡಿ.

ಮಧ್ಯಾಹ್ನದ ಬಿಸಿಲಿನಲ್ಲಿ ಸ್ಕೂಟರ್ ಓಡಿಸಲೇಬೇಡಿ, ಮಲಗಿ. ಮೂರರ ಮೇಲೆ ಹೊರಟರೆ ಪುಟ್ಟ ತಿನಿಸುಗಳ ಹೊತ್ತು ಶುರುವಾಗಿರುತ್ತದೆ. ಅಂಗೈಯಲ್ಲಿ ಅಡಗುವ ಬಟ್ಟಲುಗಳಲ್ಲಿ ಹಬೆಯಾಡುವ ಅಕ್ಕಿಹಿಟ್ಟಿನ ಬಾನ್ ಬೆಯೊ, ಬಾಳೆಲೆಯಲ್ಲಿ ಮಡಿಚಿ ಬೇಯಿಸಿದ ಬಾನ್ ನಾಮ್, ಮರಗೆಣಸಿನ ಹಿಟ್ಟಿನ ಪಾರದರ್ಶಕ ಬಾನ್ ಲೋಕ್. ಎಲ್ಲದರೊಳಗೂ ಸಿಗಡಿ. ಅಕ್ಕನಿಗೆ ಇವುಗಳದೇ ಚಾಯ್ ರೂಪ, ಅಣಬೆ ತುಂಬಿದ್ದು, ಒಂದು ಪಗೋಡದ ಪಕ್ಕದ ಅಂಗಡಿಯಲ್ಲಿ ಸಿಕ್ಕಿತು. ಹತ್ತು ಬಟ್ಟಲು ತಿಂದರೂ ಹೊಟ್ಟೆ ಭಾರವೆನಿಸುವುದಿಲ್ಲ, ಸಮಾಧಿಗಳ ಮೆಟ್ಟಿಲು ಹತ್ತುವ ಮೊದಲು ಅದೇ ಬೇಕು.

ಸಮಾಧಿಗಳಲ್ಲಿ ಎರಡನ್ನು ಆರಿಸಿಕೊಳ್ಳಿ, ಎಲ್ಲವನ್ನೂ ನೋಡಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನನ್ನ ಆಯ್ಕೆ ತು ದುಕ್ ಮತ್ತು ಖಾಯ್ ದಿನ್, ಏಕೆಂದರೆ ಇಬ್ಬರೂ ಒಬ್ಬರಿಗೊಬ್ಬರು ಪೂರ್ತಿ ವಿರುದ್ಧ. ತು ದುಕ್ ತನ್ನ ಸಮಾಧಿಯನ್ನು ಬದುಕಿರುವಾಗಲೇ ಕೆರೆ, ಮಂಟಪ, ಪೈನ್ ಮರಗಳ ತೋಟವಾಗಿ ಕಟ್ಟಿಸಿ ಅಲ್ಲಿ ಕವಿತೆ ಬರೆಯುತ್ತಾ ಕಾಲ ಕಳೆದ. ಮಕ್ಕಳಿರಲಿಲ್ಲವಾಗಿ ತನ್ನ ಸ್ಮಾರಕ ಶಾಸನವನ್ನೂ ತಾನೇ ಬರೆದ, ಅದರಲ್ಲಿ ತನ್ನ ತಪ್ಪುಗಳನ್ನು ಒಪ್ಪಿಕೊಂಡ. ಆ ಕಲ್ಲು ಸುಮಾರು 20 ಟನ್. ಈ ತೋಟ ಕಟ್ಟಿದ ಬಿಟ್ಟಿ ದುಡಿಮೆಯ ಜನ 1866ರಲ್ಲಿ ದಂಗೆಯೆದ್ದಿದ್ದರು ಎಂಬುದನ್ನೂ ಆ ತಣ್ಣನೆಯ ಕೆರೆಯ ದಂಡೆಯಲ್ಲಿ ನೆನೆಯಬೇಕು. ಖಾಯ್ ದಿನ್‌ನದು 127 ಮೆಟ್ಟಿಲಿನ ಕಪ್ಪು ಕಾಂಕ್ರೀಟ್ ಕೋಟೆ. 1920ರಲ್ಲಿ ಆರಂಭವಾಗಿ 1931ರಲ್ಲಿ ಮುಗಿಯಿತು. ಒಳಗೋಡೆಗಳ ತುಂಬ ಪಿಂಗಾಣಿ ಮತ್ತು ಗಾಜಿನ ಚೂರುಗಳ ಹೂಬಳ್ಳಿ. ಕೆಲಸಗಾರರ ಕೈಚಳಕಕ್ಕೆ ತಲೆಬಾಗುತ್ತೇನೆ, ಆದರೆ ಮನಸ್ಸು ತು ದುಕ್‌ನ ಕೆರೆಯ ಬಳಿಯೇ ಉಳಿಯಿತು.

ತು ದುಕ್ ಸಮಾಧಿಯಿಂದ ಸ್ಕೂಟರ್ ತಿರುಗಿಸಿದರೆ ಥುಯ್ ಸುವಾನ್, ಊದುಬತ್ತಿಯ ಊರು. ರಸ್ತೆಗೆ ಹುಯೆನ್ ತ್ರಾನ್ ರಾಜಕುಮಾರಿಯ ಹೆಸರು. 1306ರಲ್ಲಿ ಈ ವಿಯೆಟ್ನಾಮಿ ರಾಜಕುಮಾರಿಯನ್ನು ದಕ್ಷಿಣದ ಚಂಪಾ ರಾಜ್ಯದ ಅರಸ ಜಯಸಿಂಹವರ್ಮನಿಗೆ ಮದುವೆ ಮಾಡಿಕೊಟ್ಟರು. ಪ್ರತಿಯಾಗಿ ಅವನು ಎರಡು ಸೀಮೆಗಳನ್ನು ಬಿಟ್ಟುಕೊಟ್ಟ, ಇಂದಿನ ಹುಯೆ ಇರುವುದು ಆ ನೆಲದಲ್ಲೇ. ಶಿವನನ್ನು ಪೂಜಿಸುತ್ತಿದ್ದ, ಸಂಸ್ಕೃತದಲ್ಲಿ ಶಾಸನ ಕೆತ್ತಿಸುತ್ತಿದ್ದ ರಾಜ್ಯದ ನೆಲ ಅದು ಎಂದು ಹೇಳಿದಾಗ ಅಕ್ಕ ಸ್ಕೂಟರಿನಿಂದ ಇಳಿದು ಆ ಬೀದಿಯ ಫಲಕದ ಫೋಟೋ ತೆಗೆದಳು.

ಮುಂದಿನ ಸಾಲಿನ ಅಂಗಡಿಗಳಲ್ಲಿ ಬಣ್ಣ ಹಚ್ಚಿದ ಕಡ್ಡಿಗಳನ್ನು ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಿರುತ್ತಾರೆ, ಅದು ಫೋಟೋಗೆ. ಅಲ್ಲಿಗೇ ಮುಗಿಸದೆ ಒಳಗೆ ಹೋಗಿ. ಎಲೆಟೋಪಿ ಹಾಕಿದ ಒಬ್ಬ ಹಿರಿಯ ಹೆಂಗಸು ಕುಳಿತಿದ್ದರು. ಎಡಗೈಯಲ್ಲಿ ಬಿದಿರಿನ ಕಡ್ಡಿ, ಬಲಗೈಯಲ್ಲಿ ಚಪ್ಪಟೆ ಮರದ ಹಿಡಿಕೆ. ಅಗರು, ದಾಲ್ಚಿನ್ನಿ ಬೆರೆಸಿ ನಾದಿದ ಹಿಟ್ಟಿನ ಉಂಡೆಯಿಂದ ಚಿಟಿಕೆಯಷ್ಟು ಕಿತ್ತು ಕಡ್ಡಿಯ ಮೇಲಿಟ್ಟು ಹಿಡಿಕೆಯಿಂದ ಒಮ್ಮೆ ಉರುಳಿಸಿದರೆ ಹಿಟ್ಟು ತುದಿಯವರೆಗೆ ಒಂದೇ ದಪ್ಪಕ್ಕೆ ಹರಡಿಕೊಳ್ಳುತ್ತದೆ. ಒಣ ಪುಡಿಯಲ್ಲಿ ಹೊರಳಿಸಿ ಪಕ್ಕಕ್ಕಿಡುತ್ತಾರೆ, ಅಷ್ಟರಲ್ಲಿ ಮುಂದಿನ ಕಡ್ಡಿ ಕೈಗೆ ಬಂದಿರುತ್ತದೆ. ಅಕ್ಕ ಪ್ರಯತ್ನಿಸಿದಾಗ ಅವರು ಅವಳ ಮಣಿಕಟ್ಟನ್ನು ಹಿಡಿದು ಎಷ್ಟು ಒತ್ತಬೇಕೆಂದು ತೋರಿಸಿಕೊಟ್ಟರು. ಈ ಕಸುಬಿಗೂ ನಮಗೂ ನಿಜವಾದ ನಂಟಿದೆ. ಬೆಂಗಳೂರು, ಮೈಸೂರಿನ ಊದುಬತ್ತಿ ಕಾರ್ಖಾನೆಗಳಿಗೆ ಬಿದಿರುಕಡ್ಡಿ ಮತ್ತು ಹೊಸೆದ ಹಸಿಬತ್ತಿ ಬಹುಕಾಲ ವಿಯೆಟ್ನಾಂನಿಂದ ಬರುತ್ತಿದ್ದವು. ನಮ್ಮ ಕೈಕಸುಬಿನವರನ್ನು ಉಳಿಸಲು ಸರ್ಕಾರ 2019ರಲ್ಲಿ ಊದುಬತ್ತಿ ಆಮದಿಗೆ ನಿರ್ಬಂಧ ಹೇರಿತು, 2020ರಲ್ಲಿ ಕಡ್ಡಿಯ ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಎರಡೂ ಕಡೆ ಈ ಕೆಲಸ ನಡೆಯುವುದು ಹೆಚ್ಚಾಗಿ ಹೆಂಗಸರ ಕೈಯಿಂದ. ಕೊಳ್ಳದೆ ಬರಬೇಡಿ, ಚೌಕಾಸಿಯಂತೂ ಬೇಡ.

ಅದೇ ರಸ್ತೆಯ ಮುಂದೆ ವೋಂಗ್ ಕಾನ್ ಗುಡ್ಡವಿದೆ, ನದಿ ಬಾಗುವ ಜಾಗ ಅಲ್ಲಿಂದ ಪೂರ್ತಿ ಕಾಣುತ್ತದೆ. ಸಂಜೆ ಥಿಯೆನ್ ಮು ಪಗೋಡಕ್ಕೆ ಹೋದೆವು. ಏಳು ಅಂತಸ್ತಿನ ಗೋಪುರ 1844ರದು. ಹಿಂಭಾಗದಲ್ಲಿ ಒಂದು ಹಳೆಯ ನೀಲಿ ಆಸ್ಟಿನ್ ಕಾರನ್ನು ಇಟ್ಟಿದ್ದಾರೆ. 1963ರ ಜೂನ್ 11ರಂದು ಬೌದ್ಧರ ಮೇಲಿನ ದಬ್ಬಾಳಿಕೆಯನ್ನು ವಿರೋಧಿಸಿ ಸೈಗಾನಿನ ನಡುಬೀದಿಯಲ್ಲಿ ಬೆಂಕಿಗೆ ಮೈಯೊಡ್ಡಿದ ಭಿಕ್ಷು ಥಿಕ್ ಕ್ವಾಂಗ್ ದುಕ್ ಅಲ್ಲಿಗೆ ಬಂದದ್ದು ಈ ಕಾರಿನಲ್ಲಿ. ಅದರ ಮುಂದೆ ಅಕ್ಕ ಕೈಮುಗಿದಳು.

ರಾತ್ರಿ ಊಟದ ಮೇಲೆ ಕಮಲದ ಬೀಜದ ಚೆ, ಅಂದರೆ ತಿಳಿ ಪಾಯಸ. ಕಾಫಿ ಕುಡಿಯುವವರು ಉಪ್ಪಿನ ಕಾಫಿಯನ್ನು ಬಿಡಬಾರದು, ಅದು 2010ರಲ್ಲಿ ಹುಟ್ಟಿದ್ದೇ ಈ ಊರಿನಲ್ಲಿ. ತಗಡಿನ ಫಿಲ್ಟರಿನಿಂದ ಹನಿಹನಿಯಾಗಿ ಇಳಿದ ಗಟ್ಟಿ ರೊಬಸ್ಟಾ, ಕೆಳಗೆ ಮಂದಗೊಳಿಸಿದ ಹಾಲು, ಮೇಲೆ ಉಪ್ಪು ಬೆರೆಸಿ ನೊರೆಗೂಡಿಸಿದ ಕೆನೆ. ಉಪ್ಪು ಕಹಿಯನ್ನು ತಗ್ಗಿಸಿ ಸಿಹಿಯನ್ನು ಮೇಲೆತ್ತುತ್ತದೆ. ಕೊಡಗಿನ ರೊಬಸ್ಟಾದಲ್ಲಿ ಮನೆಯಲ್ಲಿ ಮಾಡಿ ನೋಡಿದೆ, ಚೆನ್ನಾಗಿಯೇ ಬರುತ್ತದೆ.

ಇನ್ನೂ ಒಂದು ಬೆಳಗು ಮಿಕ್ಕಿದ್ದರೆ ಪೂರ್ವಕ್ಕೆ, ಗದ್ದೆಗಳ ನಡುವೆ ಎಂಟು ಕಿಲೋಮೀಟರ್ ದೂರದ ಥಾನ್ ತೋವಾನ್ ಸೇತುವೆಗೆ ಹೋಗಿ. 1776ರಲ್ಲಿ ಆ ಊರಿನವಳೇ ಆದ ಒಬ್ಬ ಹೆಣ್ಣುಮಗಳು ತನ್ನ ಹಣದಿಂದ ಕಟ್ಟಿಸಿದ ಹೆಂಚಿನ ಮಾಡಿನ ಮರದ ಸೇತುವೆ. ಎರಡೂ ಬದಿಗೆ ಜಗಲಿಯಿದೆ, ಹೊಲದಿಂದ ಬಂದವರು ಅದರ ಮೇಲೆ ಒರಗಿ ಮಲಗಿರುತ್ತಾರೆ. ಆ ದಾರಿಯಲ್ಲಿ ಬಂಡಿಗಳೇ ಕಡಿಮೆ, ಬಲಬದಿಯಲ್ಲಿ ಓಡಿಸುವುದು ಹೊಸತಾಗಿರುವವರು ಮೊದಲ ದಿನದ ಅಭ್ಯಾಸಕ್ಕೆ ಇದನ್ನೇ ಆರಿಸಿಕೊಳ್ಳಬಹುದು.

ಹೋಗಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಿತ. ಮೇ ನಂತರ ಸುಡುಬಿಸಿಲು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹುಯೆಯ ಮಳೆ ದಿನಗಟ್ಟಲೆ ಬಿಡುವುದಿಲ್ಲ, ನದಿ ಉಕ್ಕಿ ಬೀದಿಗೆ ಬರುತ್ತದೆ. ಆ ತಿಂಗಳುಗಳಲ್ಲಿ ಸ್ಕೂಟರಿನ ಯೋಚನೆ ಬಿಟ್ಟುಬಿಡಿ. ಉಳಿದ ಕಾಲದಲ್ಲೂ ಸೀಟಿನ ಕೆಳಗೆ ಎರಡು ತಲೆತೂತಿನ ಮಳೆಯಂಗಿ ಒಂದಿರಲಿ, ಯಾವುದೇ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ.