ಮ್ಯಾನಿಫೋಲ್ಡಿಗೆ ಹೀಟ್ ರ‍್ಯಾಪ್ ಸುತ್ತಲಿಲ್ಲ, ತಗಡು ಹಾಕಿದೆ

ಸೋದರಮಾವ ಓಡಿಸುತ್ತಿದ್ದ ಅಂಬಾಸಿಡರ್ ಈಗ ನನ್ನ ಹತ್ತಿರ ಇದೆ. 1489 ಸಿಸಿ ಪೆಟ್ರೋಲ್ ಎಂಜಿನ್, ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿ. ನನ್ನ ಮನೆ ಕುಮಟಾದಲ್ಲಿ, ಮಾವನ ಮನೆ ಶಿರಸಿಯಲ್ಲಿ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ದೇವಿಮನೆ ಘಟ್ಟ ಹತ್ತಬೇಕು. ಹತ್ತುವುದಕ್ಕೆ ಗಾಡಿಯ ತಕರಾರಿಲ್ಲ. ತೊಂದರೆ ಇದ್ದದ್ದು ಮೇಲೆ ನಿಲ್ಲಿಸಿದಾಗ. ದೇವಸ್ಥಾನದ ಹತ್ತಿರ ಬಂದ್ ಮಾಡಿ, ಕೈ ಮುಗಿದು, ಹತ್ತು ನಿಮಿಷ ಬಿಟ್ಟು ಬಂದರೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಮಾವ ಓಡಿಸುವಾಗ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು, ನಾನೂ ಒಂದು ವರ್ಷ ಹಾಗೇ ಮಾಡಿದೆ.

ಕಾರಣ ದೊಡ್ಡ ಗುಟ್ಟಲ್ಲ. ಈ ಎಂಜಿನ್ನಿನಲ್ಲಿ ಇನ್‌ಲೆಟ್ ಮತ್ತು ಎಗ್ಝಾಸ್ಟ್, ಅಂದರೆ ಪೆಟ್ರೋಲು-ಗಾಳಿ ಒಳಹೋಗುವ ದಾರಿ ಮತ್ತು ಹೊಗೆ ಹೊರಬರುವ ದಾರಿ, ಎರಡೂ ಒಂದೇ ಬದಿಗೆ ಇವೆ. ಕಾರ್ಬೊರೇಟರ್ ಕೂತಿರುವುದೇ ಸುಡುವ ಎಗ್ಝಾಸ್ಟ್ ಮ್ಯಾನಿಫೋಲ್ಡಿನ (ಹೊಗೆ ಹೋಗುವ ಕಬ್ಬಿಣದ ಕವಲು ಕೊಳವೆ) ಮೇಲ್ಗಡೆ. ಗಾಡಿ ಓಡುವಾಗ ಫ್ಯಾನಿನ ಗಾಳಿ, ಒಳಗೆ ಹರಿಯುವ ತಣ್ಣನೆ ಪೆಟ್ರೋಲು, ಎರಡೂ ಸೇರಿ ಕಾರ್ಬೊರೇಟರನ್ನು ತಣ್ಣಗಿಡುತ್ತವೆ. ಬಂದ್ ಮಾಡಿದ ಕೂಡಲೇ ಅವೆರಡೂ ನಿಲ್ಲುತ್ತವೆ, ಕೆಳಗಿನ ಬಿಸಿ ಮಾತ್ರ ಮೇಲೇರುತ್ತಲೇ ಇರುತ್ತದೆ. ಪೆಟ್ರೋಲಿನ ಹಗುರ ಭಾಗ 35–40 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ. ಎಥನಾಲ್ ಬೆರೆತರೆ ಆವಿ ಇನ್ನೂ ಸುಲಭ. ಕಾರ್ಬೊರೇಟರಿನ ಬಟ್ಟಲಲ್ಲಿದ್ದ ಪೆಟ್ರೋಲು ಕುದ್ದು ಇನ್‌ಲೆಟ್ ಒಳಗೆ ಸುರಿದರೆ ಎಂಜಿನ್ ಹೇಗೆ ಹಿಡಿದೀತು?

ಎಲ್ಲರೂ ಹೇಳಿದ್ದು ಒಂದೇ, ಮ್ಯಾನಿಫೋಲ್ಡಿಗೆ ಹೀಟ್ ರ‍್ಯಾಪ್ ಸುತ್ತು. ಅಂದರೆ ಬಿಸಿ ತಡೆಯುವ ನೂಲಿನ ಪಟ್ಟಿ. ನನ್ನ ಹತ್ತಿರ ಅದರ ಅರ್ಧ ರೋಲು ಇತ್ತು ಕೂಡ. ಟೈಟಾನಿಯಂ ಹೆಸರಲ್ಲಿ ಮಾರುತ್ತಾರಲ್ಲ, ಅದು. ನಿಜಕ್ಕೂ ಅದು ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನೂಲು, ಬಣ್ಣ ಮಾತ್ರ ಹಾಗೆ. ಆದರೆ ಆ ಅರ್ಧ ರೋಲು ಉಳಿದದ್ದು ಎಲ್ಲಿಂದ ಅನ್ನುವುದೇ ನನ್ನ ಕೈ ತಡೆಯಿತು.

ಕಾರವಾರದಲ್ಲಿ ಗೆಳೆಯನೊಬ್ಬನ ಜಿಪ್ಸಿ ಇದೆ. ಅದಕ್ಕೆ ಮೂಲ ಮ್ಯಾನಿಫೋಲ್ಡ್ ತೆಗೆದು ಪೈಪಿನ ಹೆಡರ್ ಹಾಕಿಸಿದ್ದ, ಸಾದಾ ಸ್ಟೀಲಿನದು. ಅದಕ್ಕೆ ನಾನೇ ಕೂತು ಸುತ್ತಿಕೊಟ್ಟೆ. ಪಟ್ಟಿಯನ್ನು ನೀರಲ್ಲಿ ನೆನೆಸಿ, ಗ್ಲೌಸ್ ಹಾಕಿ (ಆ ನೂಲು ಚರ್ಮಕ್ಕೆ ಹತ್ತಿದರೆ ಎರಡು ದಿನ ತುರಿಕೆ), ಕಾಲು ಭಾಗ ಒಂದರ ಮೇಲೊಂದು ಬರುವ ಹಾಗೆ ಬಿಗಿಯಾಗಿ ಎಳೆದು, ಸ್ಟೇನ್‌ಲೆಸ್ ಟೈ ಹಾಕಿದೆ. ಮೊದಲ ಸಲ ಬಿಸಿಯಾದಾಗ ಹೊಗೆ ಬರುತ್ತದೆ, ಅದು ಸಹಜ. ಕೆಲಸ ಚೆನ್ನಾಗಿ ಆಯಿತು, ಬಾನೆಟ್ ಮೇಲೆ ಕೈ ಇಟ್ಟರೆ ವ್ಯತ್ಯಾಸ ತಿಳಿಯುತ್ತಿತ್ತು. ರ‍್ಯಾಪ್ ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಎರಡು ಮಳೆಗಾಲ ಕಳೆಯಿತು. ನಮ್ಮ ಕರಾವಳಿಯ ಮಳೆ ಗೊತ್ತಲ್ವಾ, ವರ್ಷಕ್ಕೆ 3000 ಮಿಲಿಮೀಟರ್ ಲೆಕ್ಕ, ಜೊತೆಗೆ ಸಮುದ್ರದ ಉಪ್ಪು ಗಾಳಿ. ಜಿಪ್ಸಿ ಓಡುತ್ತಿದ್ದುದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ. ಅಷ್ಟು ಸಣ್ಣ ಓಟಕ್ಕೆ ಪಟ್ಟಿ ಪೂರ್ತಿ ಒಣಗುವುದೇ ಇಲ್ಲ. ಒಣಗಿದರೂ ನೀರು ಹೋಗುತ್ತದೆ, ಉಪ್ಪು ನೂಲಿನ ಒಳಗೇ ಉಳಿಯುತ್ತದೆ. ಒಂದು ದಿನ ಪಟಪಟ ಸದ್ದು ಬರುತ್ತಿದೆ ಅಂತ ಕರೆದ. ಬಿಚ್ಚಿದೆ. ಪಟ್ಟಿಯ ಜೊತೆ ಕಬ್ಬಿಣವೂ ಹಕ್ಕಳೆ ಹಕ್ಕಳೆಯಾಗಿ ಕೈಗೆ ಬಂತು. ಪೈಪುಗಳು ಸೇರುವ ಜಾಗದಲ್ಲಿ ಬೆಸುಗೆ ಬಾಯಿ ಬಿಟ್ಟಿತ್ತು, ಇನ್ನೊಂದು ಕಡೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತು. ತುಕ್ಕು ಒಂದೇ ಅಲ್ಲ. ಪಟ್ಟಿ ಬಿಸಿಯನ್ನು ಹೊರಗೆ ಬಿಡದಿದ್ದರೆ ಲೋಹವೇ ಹೆಚ್ಚು ಕಾಯಬೇಕು, ಸಾದಾ ಸ್ಟೀಲ್ ಅದನ್ನು ತಾಳುವುದಿಲ್ಲ. ಗೆಳೆಯ ಏನೂ ಅನ್ನಲಿಲ್ಲ. ನನಗೆ ಮಾತ್ರ ತುಂಬಾ ಬೇಜಾರಾಯಿತು.

ಅಂಬಾಸಿಡರಿನದು ಎರಕದ ಕಬ್ಬಿಣ, ದಪ್ಪ ಇದೆ, ಬೇಗ ತೂತು ಬೀಳಲಿಕ್ಕಿಲ್ಲ. ಆದರೆ ಎರಕ ಬಿರುಕು ಬಿಡುತ್ತದೆ, ಬಿರುಕು ಬಿಟ್ಟ ಎರಕಕ್ಕೆ ಬೆಸುಗೆ ಕಷ್ಟ, ಈ ಗಾಡಿಯ ತಯಾರಿಕೆ 2014ರಲ್ಲೇ ನಿಂತುಹೋದದ್ದರಿಂದ ಒಳ್ಳೆಯ ಮ್ಯಾನಿಫೋಲ್ಡ್ ಹುಡುಕುವುದೂ ಕಷ್ಟ. ಮೇಲಾಗಿ ಗಿಡ್ಡ ಗಿಡ್ಡ ಕವಲುಗಳು, ಪಕ್ಕದಲ್ಲೇ ಇನ್‌ಲೆಟ್, ಪಟ್ಟಿಯನ್ನು ಬಿಗಿಯಾಗಿ ಎಳೆಯಲು ಜಾಗವೇ ಇಲ್ಲ. ಕೊನೆಗೆ ನಿರ್ಧಾರ ಆದದ್ದು ಎಣ್ಣೆಯಿಂದ. ನನ್ನ ಗಾಡಿಯ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಆಗಾಗ ಜಿನುಗುತ್ತದೆ. ಬರಿ ಕಬ್ಬಿಣದ ಮೇಲೆ ಹನಿ ಬಿದ್ದರೆ ಹೊಗೆಯಾಗಿ ಹೋಗುತ್ತದೆ. ಪಟ್ಟಿಯ ಮೇಲೆ ಬಿದ್ದರೆ ದೀಪದ ಬತ್ತಿಯ ಹಾಗೆ ಹೀರಿಕೊಳ್ಳುತ್ತದೆ, ಆಮೇಲೆ ಘಟ್ಟ ಹತ್ತುವಾಗ ಹೊತ್ತಿಕೊಂಡರೆ? ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು.

ಊರಿನ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು. "ತಮ್ಮಾ, ನಿಂಗೆ ಮ್ಯಾನಿಫೋಲ್ಡ್ ತಣ್ಣಗಾಗಬೇಕಾ, ಕಾರ್ಬೊರೇಟರ್ ತಣ್ಣಗಿರಬೇಕಾ?" ನಾನು ಅಷ್ಟು ದಿನ ತಲೆ ಕೆಡಿಸಿಕೊಂಡದ್ದು ಮೊದಲನೆಯದಕ್ಕೆ.

ಹಾಗಾಗಿ ನಡುವೆ ತಗಡು ಹಾಕಿದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಅಳತೆ ನೋಡಿಕೊಂಡು, ಆಮೇಲೆ ಒಂದೂವರೆ ಮಿಲಿಮೀಟರ್ ಅಲ್ಯೂಮಿನಿಯಂ ಶೀಟಿನಲ್ಲಿ ಮಾಡಿದೆ. ಕಾರ್ಬೊರೇಟರಿನ ಬುಡದ ಬೋಲ್ಟುಗಳಿಗೇ ಕೂರುತ್ತದೆ, ಬಟ್ಟಲಿನ ಕೆಳಗೆ ಚಾಚಿಕೊಂಡಿದೆ. ಮ್ಯಾನಿಫೋಲ್ಡಿಗೂ ತಗಡಿಗೂ ಎರಡು ಸೆಂಟಿಮೀಟರ್ ಅಂತರ ಬಿಟ್ಟಿದ್ದೇನೆ, ಆ ಗಾಳಿಯೇ ಮುಖ್ಯ. ಅಂಟಿಕೊಂಡರೆ ತಗಡೇ ಕಾದು ಒಲೆಯಾಗುತ್ತದೆ. ಬುಡಕ್ಕೆ ಬಿಸಿ ಹತ್ತಲು ಬಿಡದ ದಪ್ಪ ಬೇಕ್‌ಲೈಟ್ ಪ್ಯಾಕಿಂಗ್, ಎರಡೂ ಬದಿಗೆ ಹೊಸ ಗ್ಯಾಸ್ಕೆಟ್. ಕಾರ್ಬೊರೇಟರ್ ಸ್ವಲ್ಪ ಎತ್ತರವಾದ್ದರಿಂದ ಆಕ್ಸಿಲರೇಟರ್ ಲಿಂಕನ್ನು ಮತ್ತೆ ಹೊಂದಿಸಬೇಕಾಯಿತು, ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತದಾ ಅಂತಲೂ ನೋಡಿಕೊಳ್ಳಿ. ಪೆಟ್ರೋಲ್ ಪೈಪನ್ನು ಬಿಸಿಯಿಂದ ಒಂದು ಗೇಣು ಆಚೆ ಸರಿಸಿ ಕ್ಲಿಪ್ ಹಾಕಿದೆ.

ಅಳೆಯಲು ಇನ್‌ಫ್ರಾರೆಡ್ ಗನ್ ಬಳಸಿದೆ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಆದ್ದರಿಂದ ಬಟ್ಟಲಿನ ಮೇಲೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅಲ್ಲೇ ಹಿಡಿದೆ. ಘಟ್ಟದ ಮೇಲೆ ನಿಲ್ಲಿಸಿ ಹತ್ತು ನಿಮಿಷಕ್ಕೆ ಮೊದಲು 71 ಡಿಗ್ರಿ ಇದ್ದದ್ದು ತಗಡು ಹಾಕಿದ ಮೇಲೆ 56. ಎರಡೂ ಮಾರ್ಚ್ ತಿಂಗಳಿನ ಮಧ್ಯಾಹ್ನವೇ. 56 ಕೂಡ ಕಡಿಮೆ ಅಲ್ಲ, ನಿಲ್ಲಿಸಿ ಹೊರಡುವಾಗ ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು, ಚೋಕ್ ಮುಟ್ಟಬಾರದು. ಆದರೆ ಹಿಡಿಯುತ್ತದೆ. ಒದ್ದೆ ಬಟ್ಟೆ ಈಗ ಗಾಜು ಒರೆಸಲು.

ಗೆಳೆಯ ಈಗ ಜಿಪ್ಸಿಗೆ ಸ್ಟೇನ್‌ಲೆಸ್ ಹೆಡರ್ ಹಾಕಿಸುತ್ತಾನಂತೆ. ಸುತ್ತಬಹುದಾ ಅಂತ ಮೊನ್ನೆ ಕೇಳಿದ. ಸ್ಟೇನ್‌ಲೆಸ್ ಆದರೆ ಯೋಚಿಸಬಹುದು, ಆದರೆ ಮಾಡಿದವರು ಸುತ್ತಿದ ಮೇಲೆ ಗ್ಯಾರಂಟಿ ಕೊಡುತ್ತಾರಾ ಅಂತ ಮೊದಲು ಕೇಳು, ಅಥವಾ ದುಡ್ಡು ಇದ್ದರೆ ಸೆರಾಮಿಕ್ ಕೋಟಿಂಗ್ ಮಾಡಿಸು, ಅದು ನೀರು ಹೀರುವುದಿಲ್ಲ ಅಂದೆ. ಅರ್ಧ ರೋಲು ಬೇಕಾ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಮಾರಾಯ, ಆ ತಗಡಿನ ರಟ್ಟಿನ ಅಳತೆ ಇದ್ದರೆ ಕಳಿಸು" ಅಂದ. ಜಿಪ್ಸಿಗೆ ಅದೇ ಅಳತೆ ಕೂರುವುದಿಲ್ಲ, ಭಾನುವಾರ ರಟ್ಟು ಕತ್ತರಿ ಹಿಡಿದು ಕಾರವಾರಕ್ಕೆ ಹೋಗುತ್ತಿದ್ದೇನೆ.